ಸಹಾಯ ಬೇಕು: ನಾಯಿಮರಿಯೊಂದನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೀರಾ?

ತೀರ್ಥಹಳ್ಳಿ ಕಡೆಯವರು ಇದ್ದೀರಾ? ಆಗುಂಬೆ ರಸ್ತೆ ಬದಿ ಗೋಣಿಚೀಲದಲ್ಲಿ ಹೆಣ್ಣುಮರಿಯೊಂದು ಸಿಕ್ಕಿದೆ. ಸುಮಾರು 8 ವಾರದ್ದು. ನಮ್ಮ ಮನೆಗೆ ತರುವ ಹಾಗಿಲ್ಲ. ಹೋದ ತಿಂಗಳು ಹೀಗೇ ತಂದು ಸಾಕುತ್ತಿದ್ದ ಮರಿ ಪಾರ್ವೊದಿಂದ (ನಾಯಿಮರಿಗಳಿಗೆ ವಾಂತಿ-ಭೇದಿ ತರುವ ವೈರಸ್ ರೋಗ) ಹೋಯಿತು. ಡ್ರಿಪ್ ಹಾಕಿಸಿದರೂ ಮೂರೇ ದಿನ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯೊಳಗೆ ಬ್ಲೀಚಿಂಗ್ ನೀರು ಹಾಕಿ ಉಜ್ಜಿದ್ದೇನೆ, ಅಡಿಕೆ ಒಣಗಿಸುವ ಅಂಗಳ ಉಜ್ಜೋದು ಹೇಗೆ ಹೇಳಿ?

ಸದ್ಯ ಒಬ್ಬರ ಅಂಗಡಿ ಹಿಂದೆ ಇದೆ, ಭಾನುವಾರದವರೆಗೆ ಮಾತ್ರ. 16 ವಾರ ತುಂಬುವ ತನಕ 3-4 ವಾರಕ್ಕೊಮ್ಮೆ ಲಸಿಕೆ ಆಗಬೇಕು. ಅಲ್ಲಿತನಕ ಜಾಗ ಕೊಟ್ಟರೆ ಸಾಕು. ಲಸಿಕೆ, ಊಟ, ಉಣುಗಿನ ಔಷಧಿ ಖರ್ಚೆಲ್ಲ ನನ್ನದು. ಇತ್ತೀಚೆಗೆ ಪಾರ್ವೊ ಬಂದ ಮನೆ ಮಾತ್ರ ಬೇಡ. ರಾತ್ರಿ ಸ್ವಲ್ಪ ಅಳುತ್ತದೆ, ಸುಳ್ಳು ಹೇಳಲ್ಲ. ಮೆಸೇಜ್ ಮಾಡಿ, ನಾನೇ ತಂದು ಬಿಡುತ್ತೇನೆ.