ಎಲ್‌ಎಂ317 ಸಪ್ಲೈ: ಲೋಡ್ ಹಾಕಿದ ಕೂಡಲೇ 12 ವೋಲ್ಟ್ 11.5ಕ್ಕೆ ಇಳಿಯುತ್ತದೆ

ಮಲ್ಪೆ ಬೆಂಚ್
ನಮಸ್ಕಾರ. ಮಲ್ಪೆಯಲ್ಲಿ ಬೋಟಿನ ಸಣ್ಣಪುಟ್ಟ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತೇನೆ. ಟೇಬಲ್ಲಿಗೆ ಬೇಕೆಂದು ಒಂದು 12 ವೋಲ್ಟ್ ಸಪ್ಲೈ ಕಟ್ಟಿದೆ. 15 ವೋಲ್ಟ್ 2 ಆಂಪ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ರೆಗ್ಯುಲೇಟರ್ ಐಸಿ ಎಲ್‌ಎಂ317. ಅದರ ವೋಲ್ಟೇಜ್ ಸೆಟ್ ಮಾಡಲು 220 ಓಮ್ ರೆಸಿಸ್ಟರ್, 2.2 ಕೆ ಪ್ರೀಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಔಟ್‌ಪುಟ್ ಪ್ಲಸ್ ಲೈನಿನಲ್ಲಿ ಮುಳ್ಳಿನ ಅಮ್ಮೀಟರ್, ಒಂದು ಸ್ವಿಚ್.

ಲೋಡ್ ಇಲ್ಲದಾಗ ಸರಿಯಾಗಿ 12.00. ಒಂದು ಆಂಪ್ ಎಳೆದರೆ 11.52. ಲೋ ಬ್ಯಾಟರಿ ಕಟ್-ಆಫ್ ಬೋರ್ಡ್ ಸೆಟ್ ಮಾಡುವವನಿಗೆ ಅರ್ಧ ವೋಲ್ಟ್ ಅಂದರೆ ಜಾಸ್ತಿಯೇ ಅಲ್ವಾ? ಮೂರು ಐಸಿ ಬದಲಿಸಿ ನೋಡಿದೆ, ಮೂರೂ ಹಾಗೇ. ಸಂಜೆ ಏಳರ ಮೇಲಂತೂ ಇನ್ನೂ ಇಳಿಯುತ್ತದೆ, ಸ್ಪೀಕರಿನಲ್ಲಿ ಹಮ್ ಕೇಳಿಸುತ್ತದೆ.

ಕಾರ್ಕಳ ಕಾಯಿಲ್
ಕಡಲ ತಡಿ, ಮೇಲಿಂದ ಮಳೆಗಾಲ. ಬೋರ್ಡಿನಲ್ಲಿ ಬೆಸುಗೆಯ ಫ್ಲಕ್ಸ್ (ಅಂಟು) ಉಳಿದು ತೇವ ಹಿಡಿದು ಲೀಕೇಜ್ ಆಗುತ್ತಿರಬೇಕು. ತೊಳೆದು ವಾರ್ನಿಷ್ ಹೊಡೆಯಿರಿ.

ಹಂಪನಕಟ್ಟೆ ಸೋಲ್ಡರ್
ತೊಳೆಯಿರಿ, ಒಳ್ಳೆಯದೇ. ಆದರೆ ಇದು ಎರಡು ಕೆ ಓಮಿನ ಸರ್ಕ್ಯೂಟ್ ಮಾರಾಯ್ರೇ. ತೇವದ ಲೀಕೇಜು ಮೆಗಾ ಓಮಿನ ಲೆಕ್ಕದ್ದು, ಇಲ್ಲಿ ಅದು ಕಾಣುವುದೂ ಇಲ್ಲ. ಅದೂ ಅಲ್ಲದೆ ಲೀಕೇಜಿಗೆ ಲೋಡ್ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಬೆಂಚ್ ಅವರೇ, ಒಂದು ಕೆಲಸ ಮಾಡಿ. ಲೋಡ್ ಹಾಕಿಟ್ಟುಕೊಂಡೇ ಮೀಟರಿನ ಎರಡು ಕಡ್ಡಿಯನ್ನು 220 ಓಮ್ ರೆಸಿಸ್ಟರಿನ ಎರಡು ಕಾಲಿಗೆ ಮುಟ್ಟಿಸಿ. ಆಮೇಲೆ ಐಸಿಯ ಔಟ್ ಕಾಲಿಗೂ ಎಡ್ಜಸ್ಟ್ ಕಾಲಿಗೂ ನಡುವೆ ನೋಡಿ. ಎರಡೂ ಅಂಕಿ ಹೇಳಿ.

ಮಲ್ಪೆ ಬೆಂಚ್
ರೆಸಿಸ್ಟರಿನ ಮೇಲೆ 1.20. ಐಸಿಯ ಕಾಲುಗಳ ನಡುವೆ 1.25. ಎರಡೂ ಒಂದೇ ಇರಬೇಕಿತ್ತಲ್ಲ?

ಹಂಪನಕಟ್ಟೆ ಸೋಲ್ಡರ್
ಸಿಕ್ಕಿತು. 220 ಓಮಿನ ಮೇಲಿನ ಕಾಲನ್ನು ಐಸಿಯ ಹತ್ತಿರ ಅಲ್ಲ, ಅಮ್ಮೀಟರ್ ಸ್ವಿಚ್ ಎಲ್ಲ ದಾಟಿ ಹೊರಗಿನ ಕೆಂಪು ಟರ್ಮಿನಲ್ಲಿಗೆ ಬೆಸೆದಿದ್ದೀರಿ. ಹೌದೋ ಅಲ್ಲವೋ?

ಮಲ್ಪೆ ಬೆಂಚ್
ಹೌದು! ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನೂ ಐಸಿಯೇ ಸರಿಮಾಡಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು.

ಹಂಪನಕಟ್ಟೆ ಸೋಲ್ಡರ್
ಈ ಬುದ್ಧಿವಂತಿಕೆ ನಾನೂ ಮಾಡಿದ್ದೇನೆ, ಬೇಸರ ಬೇಡ. ಹೊರಗಿನ ವೋಲ್ಟೇಜ್ ನೋಡಲೆಂದೇ ಸೆನ್ಸ್ ಕಾಲು ಬೇರೆ ಇರುವ ರೆಗ್ಯುಲೇಟರಿಗೆ ಅದು ಸರಿ. 317ಕ್ಕೆ ಗೊತ್ತಿರುವುದು ಒಂದೇ ಕೆಲಸ: ತನ್ನ ಔಟ್ ಕಾಲಿಗೂ ಎಡ್ಜಸ್ಟ್ ಕಾಲಿಗೂ ನಡುವೆ 1.25 ವೋಲ್ಟ್ ಇಟ್ಟುಕೊಳ್ಳುವುದು. ನಿಮ್ಮ ಅಮ್ಮೀಟರ್, ಸ್ವಿಚ್, ವೈರ್ ಸೇರಿ ಸುಮಾರು 0.05 ಓಮ್ ಉಂಟು. ಒಂದು ಆಂಪ್ ಹರಿದರೆ 0.05 ವೋಲ್ಟ್ ಅಲ್ಲಿಯೇ ಖರ್ಚು. ಆ ಖರ್ಚು 1.25ರ ಒಳಗಿಂದಲೇ ಹೋಗುತ್ತದೆ, ರೆಸಿಸ್ಟರಿಗೆ ಉಳಿಯುವುದು 1.20. ನೀವು 1.25ನ್ನು 12 ಮಾಡಲು ಸುಮಾರು 9.6 ಪಟ್ಟು ಹಿಗ್ಗಿಸಿದ್ದೀರಿ. ಹಾಗಾಗಿ ತಪ್ಪೂ 9.6 ಪಟ್ಟು ಹಿಗ್ಗುತ್ತದೆ. 0.05 ಗುಣಿಸು 9.6, ಅಂದರೆ 0.48. ಹನ್ನೆರಡರಲ್ಲಿ ಕಳೆಯಿರಿ.

ಆ ಕಾಲನ್ನು ಬಿಚ್ಚಿ ಐಸಿಯ ಔಟ್ ಕಾಲಿನ ಬುಡಕ್ಕೇ ಬೆಸೆಯಿರಿ. ಪ್ರೀಸೆಟ್ಟಿನ ಕೆಳಗಿನ ಕಾಲು ಮಾತ್ರ ಹೊರಗಿನ ಕಪ್ಪು ಟರ್ಮಿನಲ್ಲಿಗೆ ಹೋಗಲಿ, ಮೈನಸ್ ವೈರಿನ ಡ್ರಾಪ್ ಸರಿಹೋಗುತ್ತದೆ. ಅಮ್ಮೀಟರನ್ನು ಐಸಿಯ ಹಿಂದಕ್ಕೆ, ಇನ್‌ಪುಟ್ ಕಡೆಗೆ ಹಾಕಿ. ಕೆಲವು ಮಿಲಿಆಂಪ್ ಜಾಸ್ತಿ ತೋರಿಸುತ್ತದೆ, ಅಷ್ಟೇ.

ಸುರತ್ಕಲ್ 50 ಹರ್ಟ್ಸ್
ಬಿಚ್ಚುವಾಗಲೇ ಆ ಪ್ರೀಸೆಟ್ಟನ್ನೂ ನೋಡಿ. ಈ ಊರಿನ ಉಪ್ಪು ಗಾಳಿಗೆ ನಿಜವಾಗಿ ಕೆಡುವುದು ಅದರ ವೈಪರ್, ಒಳಗೆ ಜಾರುವ ಸಂಪರ್ಕದ ಕಡ್ಡಿ. ಅದು ಒಂದು ಕ್ಷಣ ಎದ್ದರೂ ಔಟ್‌ಪುಟ್ ಸೀದಾ ಇನ್‌ಪುಟ್ ಹತ್ತಿರಕ್ಕೆ ಹಾರುತ್ತದೆ. ಗಿರಾಕಿಯ ಫಿಶ್ ಫೈಂಡರ್ ಹೋದರೆ ಯಾರು ಕೊಡುತ್ತಾರೆ? 220 ಓಮಿನ ಬದಲು 120 ಓಮ್ ಹಾಕಿ, ಕೆಳಗೆ 910 ಓಮ್ ಫಿಕ್ಸೆಡ್ ಮತ್ತು 200 ಓಮ್ ಪ್ರೀಸೆಟ್ ಸೀರೀಸ್‌ನಲ್ಲಿ. ವೈಪರನ್ನು ಪ್ರೀಸೆಟ್ಟಿನ ಒಂದು ತುದಿಗೆ ಸೇರಿಸಿಬಿಡಿ. ಆಗ ವೈಪರ್ ಕೈಕೊಟ್ಟರೂ ಔಟ್‌ಪುಟ್ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೆಟಲ್ ಫಿಲ್ಮ್ ರೆಸಿಸ್ಟರ್ ತೆಗೆದುಕೊಳ್ಳಿ, ಬಿಸಿಗೆ ಅಷ್ಟು ಅಲುಗಾಡುವುದಿಲ್ಲ. 120 ಓಮಿಗೆ ಇನ್ನೊಂದು ಲಾಭ ಉಂಟು: ಲೋಡ್ ಇಲ್ಲದಾಗಲೂ 10 ಮಿಲಿಆಂಪ್ ಹರಿಯುತ್ತದೆ. 317ಕ್ಕೆ ಅಷ್ಟು ಬೇಕು. 220 ಓಮಿಗೆ ಆರೂ ಸಿಗುವುದಿಲ್ಲ.

ಸಂಜೆಯದು ಬೇರೆ ರೋಗ. ಏಳರ ಮೇಲೆ ಮೈನ್ಸ್, ಅಂದರೆ ಮನೆಯ ಕರೆಂಟಿನ ವೋಲ್ಟೇಜ್, ಎಷ್ಟಿರುತ್ತದೆ?

ಮಲ್ಪೆ ಬೆಂಚ್
ಈಗಷ್ಟೇ ಅಳೆದೆ. 190.

ಸುರತ್ಕಲ್ 50 ಹರ್ಟ್ಸ್
ಹಾಗಾದರೆ 230ಕ್ಕೆ 15 ವೋಲ್ಟ್ ಅನ್ನುವ ಟ್ರಾನ್ಸ್‌ಫಾರ್ಮರ್ 12.4 ಕೊಡುತ್ತಿದೆ. ಅದರ ಪೀಕ್ 17.5, ಬ್ರಿಡ್ಜ್ ಕಳೆದರೆ ಕೆಪಾಸಿಟರಿನ ಮೇಲೆ ಸುಮಾರು 16. ಒಂದು ಆಂಪಿಗೆ 2200 ಮೈಕ್ರೋಫ್ಯಾರಡ್ ಅಂದರೆ ಪ್ರತಿ ಅರ್ಧ ಸೈಕಲ್ಲಿಗೆ 4 ವೋಲ್ಟ್ ಹತ್ತಿರ ಇಳಿಯುತ್ತದೆ. ಉಳಿದದ್ದು 12. ಐಸಿಗೆ 14 ಆದರೂ ಬೇಕು. ನಿಮಗೆ ಕೇಳಿಸುವ ಹಮ್ ಅದೇ 100 ಹರ್ಟ್ಸ್. 18 ವೋಲ್ಟ್ ಟ್ರಾನ್ಸ್‌ಫಾರ್ಮರ್, 4700 ಮೈಕ್ರೋಫ್ಯಾರಡ್ ಹಾಕಿ. ಆದರೆ ಮೈನ್ಸ್ 230 ಇರುವ ಹಗಲಲ್ಲಿ ಐಸಿ 10 ವ್ಯಾಟ್ ಕುದಿಯುತ್ತದೆ, ಹೀಟ್‌ಸಿಂಕ್ ದೊಡ್ಡದೇ ಬೇಕು.

ಮಲ್ಪೆ ಬೆಂಚ್
ಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ರೆಸಿಸ್ಟರ್, ಅಮ್ಮೀಟರ್ ಎರಡೂ ಜಾಗ ಬದಲಾಯಿಸಿದೆ. ಲೋಡ್ ಇಲ್ಲದೆ 12.00, ಒಂದು ಆಂಪಿಗೆ 11.97. ಮೂರು ಐಸಿ ಸುಮ್ನೆ ಬೈಸಿಕೊಂಡವು. 18 ವೋಲ್ಟ್ ಟ್ರಾನ್ಸ್‌ಫಾರ್ಮರ್ ನಾಳೆ ಮಂಗಳೂರಿಂದ ಬರುತ್ತದೆ. ಹೀಟ್‌ಸಿಂಕ್ ಬದಲು ಅಲ್ಯುಮಿನಿಯಂ ಡಬ್ಬಿಯ ಹಿಂಬದಿಗೇ ಐಸಿ ಕೂರಿಸಿದರೆ ಸಾಕಾ?

ಹಂಪನಕಟ್ಟೆ ಸೋಲ್ಡರ್
ದಪ್ಪ ತಗಡಾದರೆ ನೋಡಬಹುದು, ಹೊರಗಿಂದ ರೆಕ್ಕೆ ಇರುವ ಒಂದು ಸಿಂಕ್ ಸೇರಿಸಿದರೆ ಧೈರ್ಯ. ಐಸಿಗೂ ಡಬ್ಬಿಗೂ ನಡುವೆ ಕರೆಂಟ್ ತಡೆಯುವ ಮೈಕಾ ವಾಷರ್ ಮರೆಯಬೇಡಿ. 317ರ ಬೆನ್ನಿನ ತಗಡು ಅರ್ಥ್ ಅಲ್ಲ, ಔಟ್‌ಪುಟ್.

ಮಲ್ಪೆ ಬೆಂಚ್
ಅಯ್ಯೋ, ನಿನ್ನೆ ಮೈಕಾ ಇಲ್ಲದೇ ಸ್ಕ್ರೂ ಬಿಗಿದಿದ್ದೆ. ಈಗ ಹೋಗಿ ಬಿಚ್ಚುತ್ತೇನೆ.