ಟರ್ಕಿಯ ಫೆತಿಯೆ: ಮೊಣಕಾಲು ನೋವಿನ ಅವ್ವ, ಶುದ್ಧ ಸಸ್ಯಾಹಾರ, ಆರು ದಿನ. ಹೆಂಗ ಹೊಂದಿಸೋದು?

ಪ್ರಶ್ನೆ: ನವನಗರ, ಬಾಗಲಕೋಟೆ

ಎಲ್ಲಾರಿಗೂ ಶರಣು. ಅಕ್ಟೋಬರ್ ಮೊದಲ ವಾರದಾಗ ಟರ್ಕಿಗೆ ಹೊಂಟೇವಿ. ಇಸ್ತಾಂಬುಲ್ ನೋಡಿದ ಮ್ಯಾಲೆ ಆರು ದಿನ ಫೆತಿಯೆ ಮತ್ತ ಅದರ ಸುತ್ತಿನ ಹಳ್ಳಿಗಳಿಗೆ ಇಟ್ಟೇವಿ. ನಾಲ್ಕು ಮಂದಿ. ಅವ್ವಗ 66, ಮೆಟ್ಟಲಾ ಹತ್ತೋದು ಕಷ್ಟ. ತತ್ತಿನೂ ತಿನ್ನೂದಿಲ್ಲ. ಕಾರು ಬಾಡಿಗಿಗೆ ತಗೊಳ್ಳೂದಿಲ್ಲ. ಒಲುದೆನಿಜ್ ಬೀಚಿನ ಹತ್ರ ಉಳೀಬೇಕೋ, ಫೆತಿಯೆ ಊರಾಗೋ? ಕಾಯಾಕೊಯ್, ಸಕ್ಲಿಕೆಂತ್, ಬಟರ್‌ಫ್ಲೈ ವ್ಯಾಲಿ, ಮೂರೂ ಅವ್ವಗ ಆಗ್ತಾವೇನು? ಊಟದ್ದು ಹೆಂಗ?

ಉತ್ತರ 1: ಟಿಳಕವಾಡಿ, ಬೆಳಗಾವಿ

ಕಾರಿಲ್ಲದವರಿಗೆ ಫೆತಿಯೆ ಊರೇ ಸರಿ. ಹಳ್ಳಿಗಳಿಗೆ ಹೋಗುವ ಡೊಲ್ಮುಶ್‌ಗಳು ಊರ ನಡುವಿನ ಯೆನಿ ಜಾಮಿ, ಅಂದರೆ ಹೊಸ ಮಸೀದಿಯ ಹತ್ತಿರ ಸಿಗುತ್ತವೆ. ಡೊಲ್ಮುಶ್ ಅಂದರೆ ನಮ್ಮ ಟಂಟಂ ತರಹ ದಾರಿಯಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳುವ ಮಿನಿಬಸ್. ದಾರಿ, ದರ ಎರಡೂ ನಿಗದಿ, ಚೌಕಾಶಿ ಇಲ್ಲ. ಇಳಿಯುವಾಗ ‘ಇನೆಜೆಕ್ ವಾರ್’ ಅನ್ನಿ, ನಿಲ್ಲಿಸುತ್ತಾರೆ. ಒಲುದೆನಿಜ್‌ನಲ್ಲಿ ಉಳಿದರೆ ಫರಾಲ್ಯ, ಕಬಾಕ್ ಹಳ್ಳಿಗಳ ಕಡೆ ಬಿಟ್ಟು ಬೇರೆ ಹಲವು ಕಡೆಗೆ ಮತ್ತೆ ಫೆತಿಯೆಗೇ ಬಂದು ಗಾಡಿ ಬದಲಿಸಬೇಕು.

ಹೋಗುವ ದಾರಿ: ಇಸ್ತಾಂಬುಲ್‌ನಿಂದ ದಾಲಮಾನ್‌ಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ತಾಸು. ಹೆಚ್ಚಿನವರು ತಪ್ಪುವುದು ಟಿಕೆಟ್ ತೆಗೆಸುವಾಗಲೇ. ಇಸ್ತಾಂಬುಲ್‌ಗೆ ಎರಡು ವಿಮಾನ ನಿಲ್ದಾಣ. ಒಂದು ಯುರೋಪ್ ಬದಿಗೆ, ಇನ್ನೊಂದು, ಸಬಿಹಾ ಗೊಕ್ಚೆನ್, ಏಷ್ಯಾ ಬದಿಗೆ. ಅಗ್ಗದ ಟಿಕೆಟ್ ಬಹಳ ಸಲ ಎರಡನೆಯದರಿಂದ ಇರುತ್ತದೆ. ನಿಮ್ಮ ಹೋಟೆಲಿಗೆ ಯಾವುದು ಸಮೀಪ ಎಂದು ನೋಡಿಯೇ ತೆಗೆಸಿ. ವಾಪಸ್ ಬರುವಾಗ ಒಂದರಲ್ಲಿ ಇಳಿದು ಇನ್ನೊಂದರಿಂದ ಮುಂಬೈ ವಿಮಾನ ಹಿಡಿಯುವುದಾದರೆ ನಡುವೆ ಐದಾರು ತಾಸು ಬೇಕು. ದೇಶದೊಳಗಿನ ವಿಮಾನದ ಟಿಕೆಟ್ ಬೇರೆಯಾಗಿ ತೆಗೆಸಿದರೆ ಬ್ಯಾಗಿನ ತೂಕದ ಮಿತಿಯೂ ಬೇರೆ, ಸಾಮಾನ್ಯವಾಗಿ ಕಡಿಮೆ.

ವೀಸಾ: ಚಾಲ್ತಿಯಲ್ಲಿರುವ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇದ್ದರೆ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಪಾಸ್‌ಪೋರ್ಟಿಗೆ ಅಂಟಿಸುವ ಸ್ಟಿಕ್ಕರ್ ವೀಸಾ. ಅದಕ್ಕೆ ಈಗಲೇ ಕೂತುಕೊಳ್ಳಿ. ನೋಡಲು ಸರ್ಕಾರಿ ಸೈಟಿನಂತೆಯೇ ಇದ್ದು ಹೆಚ್ಚು ದುಡ್ಡು ಕೀಳುವ ಸೈಟುಗಳಿವೆ, ವಿಳಾಸ ನೋಡಿಕೊಳ್ಳಿ.

ಕಾಯಾಕೊಯ್ ಫೆತಿಯೆಯಿಂದ ಎಂಟೊಂಬತ್ತು ಕಿಲೋಮೀಟರ್. 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲು ಬದಲು ಮಾಡಿಕೊಂಡಾಗ ಇಲ್ಲಿನ ಗ್ರೀಕ್ ಕ್ರೈಸ್ತರು ಊರು ಬಿಟ್ಟರು. ಗುಡ್ಡದ ತುಂಬ ಚಾವಣಿಯಿಲ್ಲದ ನೂರಾರು ಕಲ್ಲಿನ ಮನೆಗಳು ಉಳಿದಿವೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿ ಬಿಟ್ಟು ಬಂದವರ ಮನೆಯವರಿಗೆ ಈ ಊರು ಬೇಗ ಅರ್ಥವಾಗುತ್ತದೆ. ಅವ್ವನವರಿಗೆ ಕೆಳಗಿನ ರಸ್ತೆಯ ಅಂಚಿನ ಸಾಲು ಸಾಕು. ಮೇಲಿನ ಚರ್ಚಿನ ದಾರಿ ಕಡಿದು, ಕಲ್ಲು ಅಲುಗುತ್ತವೆ, ನೆರಳಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ.

ಊರಲ್ಲೇ ಬಂಡೆಯಲ್ಲಿ ಕೊರೆದ ಅಮಿಂತಾಸ್ ಸಮಾಧಿ ಇದೆ, ಕ್ರಿ.ಪೂ. 4ನೇ ಶತಮಾನದ್ದು. ಬಾದಾಮಿಯ ಕ್ರಿ.ಶ. 578ರ ಮೂರನೇ ಗುಹೆ ನೋಡಿದವರು ಒಳಗೂ ಶಿಲ್ಪ ಇರಬಹುದೆಂದು ಹತ್ತುತ್ತಾರೆ. ಕೆಲಸವೆಲ್ಲ ಮುಖಭಾಗದಲ್ಲೇ, ಒಳಗೆ ಚಿಕ್ಕ ಕೋಣೆ. ಮೆಟ್ಟಿಲು ಬಹಳ, ಆದ್ದರಿಂದ ಅವ್ವನವರು ಕೆಳಗಿನಿಂದ ಸಂಜೆ ಬಿಸಿಲಲ್ಲಿ ನೋಡಲಿ.

ಉತ್ತರ 2: ವಿಜಯಪುರ

ಊಟದ್ದು ನಾ ಹೇಳ್ತೀನ್ರಿ. ಅಲ್ಲಿ ‘ಎತ್’ ಅಂದ್ರ ಮಟನ್, ಬೀಫ್ ಅಷ್ಟ ಅಂತ ತಿಳೀತಾರ. ‘ಎತ್ ಬ್ಯಾಡ’ ಅಂದ್ರ ಕೋಳಿ ತಂದು ಇಡ್ತಾರ, ಅವರ ತಪ್ಪಲ್ಲ ಅದು. ಎಲ್ಲಾ ಹೆಸರು ಹೇಳ್ರಿ: ‘ಎತ್ ಯೆಮಿಯೊರುಮ್, ತವುಕ್ ದಾ, ಬಾಲಿಕ್ ದಾ, ಯುಮುರ್ತಾ ದಾ.’ ಅಂದ್ರ ಮಾಂಸ, ಕೋಳಿ, ಮೀನು, ತತ್ತಿ ಯಾವುದೂ ತಿನ್ನೂದಿಲ್ಲ.

ಎರಡನೇದು ಕಾಣದ ಮೋಸ: ಪಿಲಾವ್ ಅನ್ನ ಬಹಳ ಕಡೆ ಕೋಳಿ ಬೇಯಿಸಿದ ನೀರಿನ್ಯಾಗ ಮಾಡ್ತಾರ, ಬ್ಯಾಳಿ ಸೂಪಿಗೂ ಮಾಂಸದ ನೀರು ಹಾಕೋದುಂಟು. ‘ಇಚಿಂದೆ ಎತ್ ಸುಯು ವಾರ್ ಮ?’ ಅಂತ ಕೇಳ್ರಿ. ಕೋಳಿದಕ್ಕ ‘ತವುಕ್ ಸುಯು’.

‘ಜೈತಿನ್‌ಯಾಲಿ’ ಅಂತ ಬರದಿದ್ದು ಆಲಿವ್ ಎಣ್ಣಿಯೊಳಗ ಮಾಡಿದ ತಣ್ಣನ ಪಲ್ಯ, ಹೆಚ್ಚಾಗಿ ಮಾಂಸ ಇರೂದಿಲ್ಲ. ಇಮಾಮ್ ಬಾಯಿಲ್ದಿ ಉಳ್ಳಾಗಡ್ಡಿ, ಟೊಮೆಟೊ ತುಂಬಿದ ಬದನಿಕಾಯಿ. ನಮ್ಮ ಎಣ್ಣೆಗಾಯಿ ತಿಂದವರಿಗೆ ಸೇರ್ತದ, ಖಾರ ಮಾತ್ರ ಇಲ್ಲ. ಆದ್ರ ಕಾರ್ನಿಯಾರಿಕ್ ನೋಡ್ಲಿಕ್ಕೆ ಹಂಗ ಇರ್ತದ, ಒಳಗ ಖೀಮಾ. ಬಿಸಿಬಿಸಿ ಬಂದ್ರ ಸಂಶಯ ಪಡ್ರಿ.

ಹಳ್ಳಿಯೊಳಗ ಗೊಜ್ಲೆಮೆ ಕೇಳ್ರಿ. ಹೆಣ್ಮಕ್ಕಳು ತೆಳ್ಳಗ ಲಟ್ಟಿಸಿ, ಒಳಗ ತುಂಬಿ, ದೊಡ್ಡ ಹಂಚಿನ ಮ್ಯಾಲೆ ಬೇಯಿಸ್ತಾರ. ಪತಾತೆಸ್ಲಿ ಅಂದ್ರ ಆಲೂಗಡ್ಡಿ, ಇಸ್ಪನಾಕ್ಲಿ ಅಂದ್ರ ಪಾಲಕ, ಕಿಯ್ಮಾಲಿ ಅಂದ್ರ ಖೀಮಾ. ಹಂಚು ಒಂದ ಇರ್ತದ. ಅವ್ವಗ ಅದು ನಡೀಲಿಲ್ಲಂದ್ರ ಮುಂಜಾನೆ ಕೆಲಸ ಶುರು ಆಗೂ ಮುಂದ, ಹಂಚು ಸ್ವಚ್ಛ ಇದ್ದಾಗ ಹೋಗ್ರಿ. ಬಿಳೇ ಚೀಸಿನೊಳಗ ಪ್ರಾಣಿಮೂಲದ ರೆನೆಟ್, ಅಂದ್ರ ಹಾಲು ಗಟ್ಟಿ ಮಾಡೂ ವಸ್ತು, ಇರಬಹುದು. ಐರಾನ್ ಉಪ್ಪು ಹಾಕಿದ ಮಜ್ಜಿಗಿ, ಎಲ್ಲಾ ಕಡೆ ಸಿಗ್ತದ. ಮಂಗಳವಾರದ ಫೆತಿಯೆ ಸಂತಿ ತಪ್ಪಸಬ್ಯಾಡ್ರಿ. ಅಂಜೂರ, ದಾಳಿಂಬ್ರಿ, ಆಲಿವ್ ಎಲ್ಲಾ ಹಳ್ಳಿಯಿಂದ ಬರ್ತಾವ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ. ಆದ್ರ ದುಬೈ ಮ್ಯಾಲೆ ಹೋಗೂದಾದ್ರ ಗಸಗಸಿ ಹಾಕಿದ ಕರದಂಟು ಬ್ಯಾಡ. ಯುಎಇದಾಗ ಗಸಗಸಿ ನಿಷೇಧ, ಒಂದು ಚಮಚಾ ಇದ್ರೂ ತ್ರಾಸು.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆತ್ರಿ. ಅಮೀನಗಡದ ಕರದಂಟು ಎರಡು ಡಬ್ಬಿ ಕಟ್ಟಿಸಿದ್ವಿ, ತಗದಿಡ್ತೀವಿ. ಸಕ್ಲಿಕೆಂತ್, ಬಟರ್‌ಫ್ಲೈ ವ್ಯಾಲಿ?

ಉತ್ತರ 3: ಗೋಕಾಕ

ಸಕ್ಲಿಕೆಂತ್ 18 ಕಿಲೋಮೀಟರ್ ಉದ್ದದ ಕಂದರ. ಡೊಲ್ಮುಶ್‌ನಲ್ಲಿ ಒಂದು ತಾಸಿನ ಮೇಲೆ ಹಿಡಿಯುತ್ತದೆ. ಆರಂಭದಲ್ಲಿ ಗೋಡೆಗೆ ಹೊಂದಿಸಿದ ಹಲಗೆಯ ದಾರಿ ಇದೆ, ಅಲ್ಲಿವರೆಗೆ ಅಮ್ಮ ಬರಬಹುದು. ಅದರಾಚೆ ಹಿಮದಷ್ಟು ತಣ್ಣನೆಯ, ರಭಸದ ನೀರು ದಾಟಬೇಕು, ಅದು ಅವರಿಗೆ ಬೇಡ. ದಾಟುವವರು ರಬ್ಬರ್ ಬೂಟು ಬಾಡಿಗೆಗೆ ತಗೊಳ್ಳಿ. ಹವಾಯಿ ಚಪ್ಪಲಿ ಮೊದಲ ಹೆಜ್ಜೆಗೇ ತೇಲಿಹೋಗುತ್ತದೆ. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಆ ದಿನ ಬಿಡಿ.

ಬಟರ್‌ಫ್ಲೈ ವ್ಯಾಲಿಗೆ, ಅಂದರೆ ಕಡಿದಾದ ಬಂಡೆಗಳ ನಡುವಿನ ಕಡಲಂಚಿನ ಕಣಿವೆಗೆ, ಫರಾಲ್ಯದಿಂದ ಹಗ್ಗ ಹಿಡಿದು ಇಳಿಯುವ ದಾರಿಯಲ್ಲಿ ಜನ ಬಿದ್ದು ಸತ್ತಿದ್ದಾರೆ. ಯಾರೂ ಇಳಿಯಬೇಡಿ. ಒಲುದೆನಿಜ್‌ನಿಂದ ದೋಣಿ ಇದೆ, ಆದರೆ ಅಲೆ ಎದ್ದರೆ ಅದೂ ನಿಲ್ಲುತ್ತದೆ. ಹತ್ತುವ ಮುಂಚೆ ಕೊನೆಯ ವಾಪಸ್ ದೋಣಿಯ ಹೊತ್ತು ಕೇಳಿಕೊಳ್ಳಿ. ಅಮ್ಮನಿಗೆ ಬದಲಿ: ಒಲುದೆನಿಜ್ ಹತ್ತಿರದ ಒವಾಜಿಕ್‌ನಿಂದ ಬಾಬಾದಾ ಬೆಟ್ಟಕ್ಕೆ ಕೇಬಲ್ ಕಾರ್. ನಡೆಯದೆಯೇ 1,700 ಮೀಟರ್ ಎತ್ತರ ಮುಟ್ಟುತ್ತಾರೆ, ಕೆಳಗೆ ಇಡೀ ಕಡಲು ಕಾಣುತ್ತದೆ. ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ, ಹಾಗಾಗಿ ಕೊನೆಯ ದಿನಕ್ಕೆ ಇಡಬೇಡಿ. ಮೇಲೆ ಚಳಿ, ಶಾಲು ಇರಲಿ.