ಸೆವೆನ್ ಸ್ವಾನ್ಸ್ ಥರದ ಭಕ್ತಿ ಹಾಡು ಕನ್ನಡದಾಗ, ಮನ್ಯಾಗೇ ರೆಕಾರ್ಡ್ ಮಾಡ್ಬೇಕಂದ್ರ?

ಬೀದರ್_ಗಿಟಾರ್:
ನಮಸ್ಕಾರ್ರಿ ಎಲ್ಲರಿಗೂ. ಬೀದರದಾಗ ನಮ್ಮ ಮೆಥೋಡಿಸ್ಟ್ ಚರ್ಚಿನ ಯೂತ್ ಗ್ರೂಪಿಗಿ ಗಿಟಾರ್ ಬಾರಿಸ್ತೀನಿ. ಅಮೆರಿಕದ ಹಾಡುಗಾರ ಸುಫ್ಯಾನ್ ಸ್ಟೀವನ್ಸಂದು 2004ರ ಸೆವೆನ್ ಸ್ವಾನ್ಸ್ ಆಲ್ಬಮ್ ಅದಲ್ಲ, ಈಗ ದಿನಾ ರಾತ್ರಿ ಅದೇ ಕೇಳ್ಲತ್ತೀನಿ. ಬ್ಯಾಂಜೊ ಅನ್ನೋ ತಂತಿವಾದ್ಯ, ಗಿಟಾರ್, ಕಿವ್ಯಾಗ ಹೇಳ್ದಂಗ ಮೆಲ್ಲಕಿನ ಧ್ವನಿ, ಅಷ್ಟರಾಗೇ ಅಬ್ರಹಾಮನ ಕಥಿನೂ ಬರ್ತದ, ಯೇಸುಸ್ವಾಮಿ ಬೆಟ್ಟದ ಮ್ಯಾಲ ರೂಪಾಂತರ ಆಗಿದ್ದೂ ಬರ್ತದ. ನಮ್ಮಲ್ಲಿ ಆರಾಧನೆ ಅಂದ್ರ ಕೀಬೋರ್ಡ್, ಪ್ಯಾಡ್, ದೊಡ್ಡ ಸ್ಪೀಕರ್, ಎಲ್ಲರೂ ನಿಂತು ಚಪ್ಪಾಳಿ. ಅದೂ ಬೇಕು ನನಗ, ಆದ್ರ ಒಬ್ಬನೇ ಕೂತು ಪ್ರಾರ್ಥನೆ ಮಾಡುವಾಗಿನ ಧ್ವನಿ ಕನ್ನಡ ಹಾಡಿನ್ಯಾಗ ಭಾಳ ಕಮ್ಮಿ ಸಿಗ್ತದ್ರಿ. ನಾಕೈದು ಹಾಡು ಬರದೀನಿ. ಲೋ-ಫೈ, ಅಂದ್ರ ಸ್ಟುಡಿಯೊ ನಯ ಇಲ್ಲದ ಸಾದಾ ರೆಕಾರ್ಡಿಂಗ್, ಅದಕ್ಕ ಫೋನ್ ಇಟ್ಟು ಹಾಡಿದ್ರ ಆಯ್ತೇನು? ಮತ್ತ ಹಿರಿಯರು ಇದೆಂಥ ಆರಾಧನೆ ಅಂದ್ರ ಏನ್ ಹೇಳ್ಲಿ?

ಕಲಬುರಗಿ_ಸೌಂಡ್:
ತಮ್ಮಾ, ಆ ಆಲ್ಬಮ್ ಸುಮ್ನ ಇಟ್ಟು ಹಾಡಿದ್ದಲ್ಲ, ಡ್ಯಾನಿಯಲ್ ಸ್ಮಿತ್ ಕೂತು ಪ್ರೊಡ್ಯೂಸ್ ಮಾಡ್ಯಾರ, ಕಮ್ಮಿ ಇಡಬೇಕಂತ ಕಮ್ಮಿ ಇಟ್ಟಾರ. ಮನಿ ರೆಕಾರ್ಡಿಂಗ್ ಜೋರಾಗಿದ್ದು 1979ರಾಗ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೊ ಬಂದಮ್ಯಾಲ, ಆ ಮಷೀನಿನ್ಯಾಗ ಸಾದಾ ಕ್ಯಾಸೆಟ್ ಮ್ಯಾಲ ನಾಕು ಟ್ರ್ಯಾಕ್, ಅಂದ್ರ ಹಾಡು, ವಾದ್ಯ ಬ್ಯಾರೆ ಬ್ಯಾರೆ ತುಂಬೋ ನಾಕು ಸಾಲು. ಅಮೆರಿಕದ ಹಾಡುಗಾರ ಸ್ಪ್ರಿಂಗ್‌ಸ್ಟೀನ್ ಅವರ 1982ರ ನೆಬ್ರಾಸ್ಕ ಆಲ್ಬಮ್ ಅದರಾಗೇ ಮಾಡಿದ್ದು. ನಾಕೇ ಟ್ರ್ಯಾಕ್ ಇದ್ದಾಗ ಯಾವುದು ಬ್ಯಾಡ ಅಂತ ಮೊದಲೇ ವಿಚಾರ ಮಾಡ್ಬೇಕಾಗ್ತದ, ಹಾಡು ಅಲ್ಲೇ ಗಟ್ಟಿ ಆಗ್ತದ. ನೀನೂ ಫೋನಿನ್ಯಾಗ ನಾಕರ ಮ್ಯಾಲ ಹೋಗಬ್ಯಾಡ.

ನಮ್ಮ ಕಡಿ ಮನಿ ತುಂಬ ಶಹಾಬಾದ್ ಫರ್ಸಿ, ಧ್ವನಿ ನೆಲಕ್ಕ ಬಡದು ವಾಪಸ್ ಬಂದು ಗೊಂಯ್ ಅಂತದ, ಅದಕ್ಕ ಕೆಳಗ ಜಮಖಾನಿ ಹಾಸು, ನಿನ್ನ ಬೆನ್ನಿಂದ ದಪ್ಪನ್ನ ಕೌದಿ ಕಟ್ಟು. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕ ಇರ್ಲಿ, ಇಲ್ಲಂದ್ರ ಪ, ಭ ಅಂದಾಗೆಲ್ಲ ಗಾಳಿ ಹೊಡೀತದ. ಆ್ಯಪಿನ್ಯಾಗ ನಾಯ್ಸ್ ರಿಡಕ್ಷನ್ ಬಂದ್ ಮಾಡು, ನಿನ್ನಂಥ ಮೆಲ್ಲಕ ಹಾಡೋರ ಸಾಲಿನ ತುದಿನೇ ಅದು ಶಬ್ದ ಅಂತ ತಿಳದು ತಿಂದು ಬಿಡ್ತದ. ಫ್ಯಾನ್ ಬಂದ್ ಮಾಡ್ಲಿಕ್ಕೇ ಬೇಕು, ಬ್ಯಾಸಿಗ್ಯಾಗ ಅಂದ್ರ ನಸುಕಿನ್ಯಾಗೇ ಎದ್ದು ಮಾಡ್ಕೊ. ಫೈಲ್ ವೇವ್ (WAV) ಫಾರ್ಮ್ಯಾಟಿನ್ಯಾಗ ಇಡು, ಅದರಾಗ ಧ್ವನಿ ಕುಗ್ಗಿಸಲ್ಲ.

ಹಾರ್ಮೋನಿಯಂ_ಅಕ್ಕ_ಯಾದಗಿರಿ:
ಹಿರಿಯರಿಗಿ ಕೀರ್ತನೆಗಳ ಪುಸ್ತಕ ತೆಗದು ತೋರಸಪ್ಪಾ. 42ನೇ ಕೀರ್ತನೆ ಓದು, 88 ಓದು, ಅದು ಕತ್ತಲಿನ್ಯಾಗೇ ಮುಗೀತದ, ಒಬ್ಬ ಮನುಷ್ಯ ದೇವರ ಮುಂದ ಒಂಟಿಯಾಗಿ ಅಳ್ಳಿಕ್ಕತ್ತಿದ್ದೇ ಅಲ್ಲೇನು? ನೀ ಹೇಳಿದ ಆಲ್ಬಮಿನ ಮೊದಲ ಹಾಡಿನ ಹೆಸರೂ ಯೆಶಾಯ 55:12ರದ್ದು, ಮರಗಳು ಚಪ್ಪಾಳಿ ಹೊಡಿಯೋ ಮಾತು. ನಮ್ಮ ಸೀಮಿಗಿ ಇದೇನು ಹೊಸದಲ್ಲ, ಕಡಕೋಳ ಮಡಿವಾಳಪ್ಪನವರ ತತ್ವಪದ ಏಕತಾರಿ ಹಿಡಕೊಂಡು ಹಾಡೋದು ಕೇಳ್ಕೊಂತೇ ಬೆಳದೀವಿ, ಅಲ್ಲಿ ಯಾವ ಸ್ಪೀಕರ್ ಇತ್ತು? ಕಿಟೆಲ್ ಸಾಹೇಬ್ರು 1862ರಾಗೇ ಕಥಾಮಾಲೆ ಅಂತ ಯೇಸುಸ್ವಾಮಿ ಕಥಿ ಕನ್ನಡದ ಛಂದಸ್ಸಿನ್ಯಾಗ ಬರದಾರ.

ಒಂದೇ ಮಾತು, ಸ್ತುತಿಸುವೆನು ಕೊಂಡಾಡುವೆನು ಅಂತ ಪುಸ್ತಕದ ಕನ್ನಡ ಹಾಕಬ್ಯಾಡ. ಮೆಲ್ಲಕಿನ ಧ್ವನಿಗಿ ಅದು ಭಾರ ಆಗ್ತದ. ಮನ್ಯಾಗ ಮಾತಾಡ್ದಂಗೇ ಬರಿ, ನೀ ಎಲ್ಲಿದ್ದಿ ನನ್ನಪ್ಪಾ ಅಂತ ಕೇಳು.

ಹುಮನಾಬಾದ್_ಬೇಸ್:
ನಾ ಒಪ್ಪಲ್ರಿ ಅಕ್ಕಾರ. ಚರ್ಚಿನ ಹಾಡು ಅಂದ್ರ ಹಿಂದಿನ ಬೆಂಚಿನ ಅಜ್ಜಿಗೂ ಬಾಯಿಗಿ ಬರಬೇಕು. ಪಿಸುಗುಟ್ಟೋ ಹಾಡಿಗಿ ಆಕಿ ಹ್ಯಾಂಗ ಕೂಡ್ತಾಳ? ಆಲ್ಬಮ್ ಮಾಡ್ಲಿ, ಛಲೋನೇ, ಭಾನುವಾರ ಆರಾಧನೆಗಿ ಬ್ಯಾಡ.

ಬೀದರ್_ಗಿಟಾರ್:
ಅಣ್ಣಾ, ನಿಮ್ಮ ಮಾತು ಖರೆ ಅದ, ಭಾನುವಾರಕ್ಕ ತರಲ್ಲ. ಮನಿ ಪ್ರಾರ್ಥನೆ ಕೂಟದಾಗ ಹತ್ತು ಮಂದಿ ಕೂತಿರ್ತೀವಲ್ಲ, ಅಲ್ಲಿ ಹಾಡ್ತೀನಿ. ಅಕ್ಕಾ, ಎರಡು ಹಾಡಿನ ಮಾತು ಬದಲ್ ಮಾಡ್ಲತ್ತೀನಿ. ಬ್ಯಾಂಜೊ ಅಂತೂ ನನ್ನ ಹತ್ರ ಇಲ್ಲ, ಅದರ ಜಾಗಾಕ್ಕ ಏಕತಾರಿ ಹಾಕಬೇಕಂತ ಮನಸಾಗ್ಯದ. ಬೀದರ, ಭಾಲ್ಕಿ ಕಡಿ ಏಕತಾರಿ ಕಲಿಸೋರು ಯಾರಾದ್ರೂ ಗೊತ್ತಿದ್ರ ಹೇಳ್ರಿ.